ಮೂಲೆಯ ಮಾವ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ದನಿ ಬೀದಿಯ ತುದಿವರೆಗೂ ಹೋಗುತ್ತೆ. ಎರಡಕ್ಕೂ ಹೊಲಿಗೆ ಮೆಷಿನ್ನೇ ಕಾರಣ ಅಂತ ನಾನು ಹೇಳೋದು. ದಿನವಿಡೀ ಅದರ ಕಟಕಟದ ಮೇಲೆ ಮಾತಾಡಿ ಮಾತಾಡಿ, ಮೆಷಿನ್ ನಿಂತ ಮೇಲೂ ನನ್ನ ಗಂಟಲು ನಿಲ್ಲಲ್ಲ. ನಮ್ಮನೆಯವರು ಇದನ್ನ ಒಪ್ಪಲ್ಲ. ಮೆಷಿನ್ ತರೋ ಮುಂಚೆನೂ ಹೀಗೇ ಇದ್ದೆ ಅಂತಾರೆ.

ಅವರದು ಲಿಫ್ಟ್ ರಿಪೇರಿ ಕೆಲಸ. ದಿನವೆಲ್ಲ ಊರವರನ್ನ ಮೇಲೆ ಕೆಳಗೆ ಓಡಾಡಿಸೋ ಈ ಮನುಷ್ಯನಿಗೆ ಮನೆಗೆ ಬಂದರೆ ಒಂದೇ ಹುಚ್ಚು, ಹೋಮ್ ಥಿಯೇಟರ್. ಉಳ್ಳವರು ಅಂಗಡಿಗೆ ಹೋಗಿ ಇಡೀ ಸೆಟ್ಟನ್ನ ಒಟ್ಟಿಗೆ ಎತ್ತಿಕೊಂಡು ಬರ್ತಾರೆ. ನಮ್ಮದು ಕೈ ಬಿಗಿ ಸಂಸಾರ, ಹಾಗಾಗಿ ನಮ್ಮ ಥಿಯೇಟರ್ ಕಂತು ಕಂತಾಗಿ ಬಂತು. ಮೊದಲು ಬಂದಿದ್ದು ಆಂಪ್ಲಿಫೈಯರ್. ಅದಕ್ಕೆ ಜೋಡಿಸೋಕೆ ಸ್ಪೀಕರೇ ಇರಲಿಲ್ಲ. ಮಳೆಗಾಲ ಪೂರ್ತಿ ಅದರ ಮೇಲೆ ನನ್ನ ದಾರದುಂಡೆಗಳು ಕೂತಿದ್ದವು. ಆಮೇಲೆ ಬಾಗಿಲು ಹಾಕಿದ ಯಾವುದೋ ಹೋಟೆಲಿನಿಂದ ಜೋಡಿ ಸ್ಪೀಕರ್ ಬಂದವು. ಮುಂಭಾಗದ ಬಟ್ಟೆ ಹರಿದು ಚಿಂದಿಯಾಗಿತ್ತು. ಗಿರಾಕಿಯ ಪರದೆಯಲ್ಲಿ ಉಳಿದ ಹೂವಿನ ಬಟ್ಟೆ ಹಾಕಿ ನಾನೇ ಹೊಲಿದುಕೊಟ್ಟೆ. ನಮ್ಮನೆಯವರ ಮುಖ ಹುಳ್ಳಗಾಯ್ತು, ಆದರೆ ಸೂಜಿ ನನ್ನ ಕೈಲಿತ್ತು, ಹಾಗೇ ತಗೊಂಡು ಹೋಗಿ ಜೋಡಿಸಿದರು.

ಹೀಗೇ ಬಿಟ್ಟರೆ ನಡುಮನೇಲಿ ಕಾಲಿಡೋಕೂ ಜಾಗ ಇರಲ್ಲ ಅನಿಸಿ ನಾನೊಂದು ಕಾನೂನು ಮಾಡಿದೆ. ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಹಳೇದನ್ನ ಕೊಟ್ಟರೆ ಹೊಸದರ ಖರ್ಚಿನ ಭಾರವೂ ಅಷ್ಟು ಇಳಿಯುತ್ತೆ, ಮನೆಯೂ ಮನೆಯಾಗಿ ಉಳಿಯುತ್ತೆ. ನಮ್ಮ ಮಾವನಿಗೆ, ಅಂದರೆ ನಮ್ಮನೆಯವರ ಅಪ್ಪನಿಗೆ, ಈ ಕಾನೂನು ಬಲು ಇಷ್ಟವಾಯ್ತು. ಅವರು ಬಸ್ ಕಂಡಕ್ಟರ್ ಆಗಿದ್ದವರು. ಮಗ ಏನನ್ನಾದರೂ ಹೆಗಲ ಮೇಲೆ ಹೊತ್ತು ಬಾಗಿಲಲ್ಲಿ ನಿಂತರೆ ಸಾಕು, ಮೂಲೆಯ ಬೆತ್ತದ ಕುರ್ಚಿಯಿಂದಲೇ ಕೂಗ್ತಿದ್ದರು, "ಮೊದಲು ಇಳಿಯೋರು ಇಳೀರಿ, ಆಮೇಲೆ ಹತ್ತೋರು ಹತ್ತಿ."

ಆಮೇಲೆ ಬಂತು ನೋಡಿ ಆ ಕರೀ ಪೆಟ್ಟಿಗೆ, ಸಬ್‌ವೂಫರ್. ಸಿನಿಮಾದಲ್ಲಿ ಬಾಂಬು, ಗುಡುಗು, ಹೆಲಿಕಾಪ್ಟರ್ ಎಲ್ಲ ಅದರ ಪಾಲಿಗೆ. ಅದನ್ನ ಕಿಟಕಿ ಪಕ್ಕದ ಮೂಲೆಯಲ್ಲಿಟ್ಟರು. ಅರ್ಧ ಸಿನಿಮಾ ತುಟಿ ಪಿಟಕ್ ಅನ್ನದೆ ಕೂತಿರುತ್ತೆ, ಬಾಯಿ ಬಿಟ್ಟರೆ ಗುರ್ ಅಂತ ಪಾತ್ರೆ ಸಾಮಾನೆಲ್ಲ ಅಲ್ಲಾಡಿಬಿಡುತ್ತೆ. ಎದುರು ಮೂಲೆಯಲ್ಲಿ ಪೇಪರ್ ಓದ್ತಾ ಕೂತು, ಇದ್ದಕ್ಕಿದ್ದಂತೆ ಸರ್ಕಾರಕ್ಕೆ ಬೈಯೋ ನಮ್ಮ ಮಾವನದೇ ಪಡಿಯಚ್ಚು. ನಾನು ಅದಕ್ಕೆ ಮಾವ ಅಂತ ಹೆಸರಿಟ್ಟೆ. ಹೆಸರಿಟ್ಟ ಮೇಲೆ ಮರ್ಯಾದೆ ಕೊಡಬೇಕಲ್ಲ, "ಮಾವ ಇವತ್ತು ಗರಂ ಆಗಿದಾರೆ, ಸ್ವಲ್ಪ ತಗ್ಗಿಸಿ" ಅಂತ ಬಹುವಚನದಲ್ಲೇ ಮಾತಾಡ್ತಿದ್ದೆ. ನಮ್ಮನೆಯವರೂ "ನಿನ್ನ ಮಾವನ ಮೇಲೆ ಧೂಳು ಕೂತಿದೆ ನೋಡೇ" ಅನ್ನೋರು. ಇದು ಗಂಡ ಹೆಂಡಿರ ನಡುವಿನ ತಮಾಷೆ. ನಿಜವಾದ ಮಾವನ ಕಿವಿಗೆ ಒಂದು ದಿನವೂ ಹಾಕಿರಲಿಲ್ಲ.

ಭಾನುವಾರ ಸಂಜೆ ಮೂವರೂ ಕೂತು ಸಿನಿಮಾ ನೋಡೋದು ನಮ್ಮನೆ ವಾಡಿಕೆ. ಮಾವನಿಗೆ ಸಿನಿಮಾ ಅಂದರೆ ಪ್ರಾಣ. ಕಂಡಕ್ಟರ್ ಆಗಿದ್ದಷ್ಟು ಕಾಲವೂ ಭಾನುವಾರದ ಡ್ಯೂಟಿ ತಪ್ಪಿಸಿಕೊಳ್ಳೋಕೆ ಆಗದೆ, ಊರವರನ್ನೆಲ್ಲ ಟಾಕೀಸಿನ ಮುಂದೆ ಇಳಿಸಿ ತಾವು ಮುಂದಕ್ಕೆ ಹೋಗ್ತಿದ್ದರಂತೆ. ಅಂಥವರು ಈಚೆಗೆ "ಏನಂದ? ಈಗ ಅವನು ಏನಂದ?" ಅಂತ ಕೇಳೋಕೆ ಶುರು ಮಾಡಿದರು. ನಮ್ಮನೆಯವರು ಸೌಂಡ್ ಏರಿಸೋರು. ಸೌಂಡ್ ಏರಿದರೆ ಮಾತಿಗಿಂತ ಮೊದಲು ಆ ಪೆಟ್ಟಿಗೆ ಏರೋದು. ಅಷ್ಟರಲ್ಲಿ ಕೆಳಗಿನ ಮನೆಯ ನರ್ಸಮ್ಮ ಬಂದು, ರಾತ್ರಿ ಪಾಳಿ ಇದೆ ಕಣ್ರೀ, ಒಂಚೂರು ಮಲಗೋಣ ಅಂದರೆ ನನ್ನ ಮಂಚ ನಡೆದುಕೊಂಡು ಹೋಗ್ತಿದೆ ಅಂತ ಬಾಗಿಲು ತಟ್ಟೋರು.

ಬರಬರುತ್ತಾ ಮಾವ ಏನಂದ ಅಂತ ಕೇಳೋದನ್ನೇ ಬಿಟ್ಟರು. ನಾವು ನಕ್ಕರೆ ಅವರೂ ನಗೋರು, ಆದರೆ ಒಂದು ಗಳಿಗೆ ತಡವಾಗಿ. ಒಂದು ಭಾನುವಾರ ನಾನು ತಿರುಗಿ ನೋಡ್ತೀನಿ, ಅವರು ಟಿವಿ ನೋಡ್ತಾನೇ ಇಲ್ಲ. ನಮ್ಮ ಮುಖ ನೋಡ್ತಿದಾರೆ, ಯಾವಾಗ ನಗಬೇಕು ಅಂತ. ಡಾಕ್ಟರ್ ಕೊಟ್ಟಿದ್ದ ಕಿವಿ ಮೆಷಿನ್ನು ಅವರ ಮೇಜಿನ ಡ್ರಾಯರಿನಲ್ಲಿ ಹಾಯಾಗಿ ಮಲಗಿತ್ತು. ಹಾಕ್ಕೊಳ್ಳಿ ಅಂದರೆ, ಕಿವಿಯೊಳಗೆ ಮಿಡತೆ ಸಾಕಿದ ಹಾಗಿರುತ್ತೆ ಅಂತಿದ್ದರು. ಅದರ ಮುಂದಿನ ಭಾನುವಾರ, ಈಗಿನ ಸಿನಿಮಾದಲ್ಲಿ ಏನಿದೆ ಮಣ್ಣು ಅಂತ ಹೇಳಿ, ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತರು. ಅವರಿಲ್ಲದೆ ನನಗೆ ಆ ಸಿನಿಮಾ ರುಚಿಸಲೇ ಇಲ್ಲ.

ನಮ್ಮನೆಯವರು ತಾವು ಯಾವಾಗಲೂ ಹೋಗೋ ಹಳೇ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದರು. ಟಿವಿ ಕೆಳಗೆ ಇಡೋ ಒಂದು ನಡು ಸ್ಪೀಕರ್ ಅಂತ ಬರುತ್ತಂತೆ. ಸಿನಿಮಾದ ಮಾತೆಲ್ಲ ಅದರ ಬಾಯಿಂದಲೇ ಬರೋದಂತೆ. ನಮ್ಮದರಲ್ಲಿ ಅದಿಲ್ಲದೆ ಮಾತು ಅಕ್ಕಪಕ್ಕ ಹಂಚಿಹೋಗಿ, ಆ ಪೆಟ್ಟಿಗೆಯ ಗದ್ದಲದಲ್ಲಿ ಮುಳುಗ್ತಿದೆ. ಅಂಗಡಿಯವನು ಅದಲು ಬದಲಿಗೆ ಒಪ್ಪಿದಾನೆ, ಆದರೆ ಅವನಿಗೆ ಬೇಕಾಗಿರೋದು ಸಬ್‌ವೂಫರೇ. ಇಷ್ಟು ಹೇಳಿ ನಮ್ಮನೆಯವರು ಬೆಳಗ್ಗೆ ಬೆಳಗ್ಗೆ ಕಾಫಿ ಲೋಟ ಹಿಡಿದು ನನ್ನ ಮೆಷಿನ್ ಪಕ್ಕ ನಿಂತರು, ಮುಖ ಇಷ್ಟು ಉದ್ದ ಮಾಡಿಕೊಂಡು. ಆ ಪೆಟ್ಟಿಗೆ ಅವರ ಕಣ್ಮಣಿ.

ನಾನು ಶಾಲೆ ಯೂನಿಫಾರಮ್ಮಿನ ತೋಳು ಹೊಲೀತಿದ್ದೆ. ಮೆಷಿನ್ ನಿಲ್ಲಿಸೋ ಹಾಗಿರಲಿಲ್ಲ. ಹಾಗೇ ಕೂಗಿ ಹೇಳಿದೆ, "ಯೋಚನೆ ಏನ್ರೀ ಮಾಡೋದು? ಮಾವನ್ನ ಕಳಿಸಿಬಿಡಿ."

ಅವರು ಏನೋ ಗೊಣಗಿದರು.

"ಅಯ್ಯೋ, ಮೂಲೇಲಿ ಕೂತ್ಕೊಂಡು ಗುರ್ ಅನ್ನೋದು ಬಿಟ್ಟರೆ ಅವರಿಂದ ಏನು ಉಪಯೋಗ? ಅವರಿರೋ ತನಕ ಈ ಮನೇಲಿ ಯಾರ ಮಾತೂ ಯಾರಿಗೂ ಕೇಳಿಸಲ್ಲ. ಒಂದು ಬರಬೇಕಾದರೆ ಒಂದು ಹೋಗಬೇಕು, ಅಷ್ಟೇ. ಭಾನುವಾರದೊಳಗೆ ಕರ್ಕೊಂಡು ಹೋಗಿ ಬಿಟ್ಟುಬನ್ನಿ."

"ಇಷ್ಟು ವರ್ಷ ಇದ್ದರು ಪಾಪ" ಅಂತ ನಮ್ಮನೆಯವರು ಸಣ್ಣ ದನಿಯಲ್ಲಿ ಅಂದು, ಕಾಫಿ ಮುಗಿಸಿದರು. ಮಾವನಿಗೆ ಇದೆಲ್ಲ ಭಾನುವಾರದ ತನಕ ಗೊತ್ತಾಗಬಾರದು, ಒಂದೇ ಸಲಕ್ಕೆ ಅವರನ್ನ ಕೂರಿಸಿ ಸಿನಿಮಾ ಹಾಕಬೇಕು ಅಂತ ಮಾತಾಯ್ತು. ಮಾವ ಆಗ ಬಚ್ಚಲಲ್ಲಿದ್ದಾರೆ ಅಂದ್ಕೊಂಡಿದ್ದೆ.

ಆವತ್ತಿನಿಂದ ಮಾವ ಬದಲಾದರು. ಪೇಪರ್ ಓದಿ ಸರ್ಕಾರಕ್ಕೆ ಬೈಯೋದು ನಿಂತಿತು. ಉಂಡ ತಟ್ಟೆ ತಾವೇ ತೊಳೆದಿಡೋರು. ನೆಲದ ಮೇಲೆ ಬಿದ್ದ ದಾರದ ಚೂರು ಬಗ್ಗಿ ಬಗ್ಗಿ ಹೆಕ್ಕೋರು. ಒಂದು ಮಧ್ಯಾಹ್ನ ನೋಡಿದರೆ ಬೆತ್ತದ ಕುರ್ಚಿ ಮೂಲೆಯಲ್ಲಿಲ್ಲ. ಎತ್ತಿ ಬಾಗಿಲ ಹತ್ತಿರ, ಚಪ್ಪಲಿ ಬಿಡೋ ಜಾಗದಲ್ಲಿ ಹಾಕ್ಕೊಂಡು ಕೂತಿದಾರೆ.

"ಇದೇನು ಮಾವ ಹೊಸ ನಾಟಕ?" ಅಂತ ರೇಗಿದೆ.

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತಮ್ಮ" ಅಂದರು.

ವಯಸ್ಸಾಯ್ತು, ಮನಸ್ಸು ಒಂದೊಂದು ದಿನ ಒಂದೊಂದು ಥರ ಇರುತ್ತೆ ಅಂತ ನನ್ನ ಪಾಡಿಗೆ ತೋಳು ಜೋಡಿಸ್ತಾ ಕೂತೆ.

ಭಾನುವಾರ ಊಟ ಆದ ಮೇಲೆ ನಮ್ಮನೆಯವರು ಕರೀ ಪೆಟ್ಟಿಗೆಯನ್ನ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಸ್ಕೂಟರಿನಲ್ಲಿ ಹೋದರು. ಮಾವ ಆಗ ತಮ್ಮ ರೂಮಲ್ಲಿದ್ದರು. ನಾನು ಖಾಲಿಯಾದ ಮೂಲೆ ಗುಡಿಸಿ ತಲೆ ಎತ್ತಿದರೆ, ಮಾವ ಎದುರಿಗೆ ನಿಂತಿದಾರೆ. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬೂಟು, ಕೈಲಿ ಟ್ರಂಕು, ಹೆಗಲಿಗೆ ಡ್ಯೂಟಿಯ ಕಾಲದ ಚರ್ಮದ ಚೀಲ.

"ಎಲ್ಲಿಗೆ ಹೊರಟ್ರಿ?"

"ಮಗಳ ಮನೆಗೆ. ಅವನು ಕರ್ಕೊಂಡು ಹೋಗಿ ಬಿಡೋ ತಾಪತ್ರಯ ಯಾಕೆ, ಬಸ್ಸಿನ ದಾರಿ ನನಗೆ ಗೊತ್ತಿಲ್ವಾ?"

"ಏನಾಯ್ತು ಅಂತ ಹೀಗೆ ಏಕಾಏಕಿ?"

ಅವರು ನಕ್ಕರು. ಆ ನಗು ನೋಡೋಕಾಗಲಿಲ್ಲ. "ಇಳಿಯೋರು ಇಳಿದರೆ ತಾನೇ ಅಮ್ಮ, ಹತ್ತೋರಿಗೆ ಜಾಗ. ನನಗೇನು ಕೋಪ ಇಲ್ಲ. ಮೂಲೇಲಿ ಕೂತು ಗುರ್ ಅನ್ನೋ ಮುದುಕನಿಂದ ಏನು ಉಪಯೋಗ, ನೀನು ಹೇಳಿದ್ದು ಸರಿಯಾಗೇ ಇದೆ."

ಪೊರಕೆ ಬಿಸಾಕಿ ಅವರ ಹತ್ತಿರ ಹೋದೆ. ಟಿವಿಯಲ್ಲಿ ಅಷ್ಟು ಜೋರಾಗಿ ಹಾಕಿದರೂ ಒಂದು ಮಾತು ಕೇಳಿಸದ ಮನುಷ್ಯನಿಗೆ ಇದು ಹೇಗೆ ಕೇಳಿಸಿತು?

"ಮಾವ, ಅದು ನಿಮ್ಮನ್ನಲ್ಲ. ಆ ಪೆಟ್ಟಿಗೆಗೆ ನಾವು ಮಾವ ಅಂತ ಹೆಸರಿಟ್ಟಿದ್ವಿ. ಸಬ್‌ವೂಫರಿಗೆ. ಅದನ್ನ ಕಳಿಸಿ ಅಂತ ಹೇಳಿದ್ದು."

"ಯಾವ ಪೆಟ್ಟಿಗೆ?"

ಮೂಲೆ ತೋರಿಸಿದೆ. ಗುಡಿಸಿ ಚೊಕ್ಕ ಮಾಡಿದ ನೆಲ ಬಿಟ್ಟರೆ ಅಲ್ಲಿ ಇನ್ನೇನಿತ್ತು? ಮಾವ ಅದನ್ನ ನೋಡಿದರು, ನನ್ನನ್ನ ನೋಡಿದರು. "ಪೆಟ್ಟಿಗೆಗೆ ಯಾರಾದರೂ ಅವರು ಇವರು ಅಂತಾರೇನಮ್ಮ? ಸಮಾಧಾನಕ್ಕೆ ಅಂತ ಸುಳ್ಳು ಹೇಳಬೇಡ, ನಿನಗೆ ಒಗ್ಗಲ್ಲ" ಅಂದು ಟ್ರಂಕನ್ನ ಈ ಕೈಯಿಂದ ಆ ಕೈಗೆ ಬದಲಿಸಿದರು.

ನಾನು ಕೊಟ್ಟ ಮರ್ಯಾದೆಯೇ ನನಗೆ ಮುಳುವಾಯ್ತು. ನನಗೆ ಅಳು ಬಂತು. ನಾನು ಅಷ್ಟು ಸುಲಭಕ್ಕೆ ಅಳೋಳಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ನನ್ನ ಕಿರುಚಾಟಕ್ಕೆ ಒಂದು ಸಲವೂ ಮುಖ ಸಿಂಡರಿಸದವರು ಈ ಮನೆಯಲ್ಲಿ ಇವರೊಬ್ಬರೇ. ಅವರು ಹೋದರೆ ನಾನು ಯಾರ ಮೇಲೆ ರೇಗಲಿ? ಬಾಗಿಲಿಗೆ ಅಡ್ಡ ನಿಂತೆ. "ನನ್ನ ತುಳ್ಕೊಂಡು ಹೋಗಿ, ನೋಡೋಣ" ಅಂದೆ.

ಆಗಲೇ ಮೆಟ್ಟಿಲ ಮೇಲೆ ನಮ್ಮನೆಯವರ ಹೆಜ್ಜೆ ಕೇಳಿಸಿತು. ಅಲ್ಲಿಂದಲೇ ಹೇಳ್ತಾ ಬಂದರು, "ಮಾವನ್ನ ಕೊಟ್ಟುಬಂದೆ ಕಣೇ. ಅಂಗಡಿಯವನು ಬೆನ್ನು ತಟ್ಟಿ ನೋಡಿ, ಒಳಗಿನ ತಂತಿ ಸುರುಳಿ, ಕಾಯಿಲ್, ಇನ್ನೂ ಗಟ್ಟಿಯಾಗಿದೆ, ಹೊರಗಡೆ ಸ್ವಲ್ಪ ಪೇಂಟ್ ಹೊಡೆದರೆ ಯಾರಾದರೂ ತಗೊಂಡು ಹೋಗ್ತಾರೆ ಅಂದ."

ದೇವರೇ ಬಾಯಿ ಬಿಡಿಸಿದ ಹಾಗೆ ಬಂತು ಆ ಮಾತು. ಆದರೆ ಮಾವನ ಮುಖದಲ್ಲಿ ಏನೂ ಇಲ್ಲ. ಮಗ ಹೇಳಿದ್ದು ಒಂದಕ್ಷರವೂ ಅವರ ಕಿವಿಗೆ ಬಿದ್ದಿರಲಿಲ್ಲ.

ನಾನು ಕಣ್ಣು ಒರೆಸಿಕೊಂಡು, ಮೆಷಿನ್ ಪಕ್ಕ ಕೂತವಳ ಹಾಗೆ ದನಿ ಏರಿಸಿದೆ. "ಮಾವ, ಕೇಳಿ. ನಿಮ್ಮ ಮಗ ಹೇಳ್ತಿದಾರೆ, ಮಾವನ್ನ ಅಂಗಡಿಗೆ ಕೊಟ್ಟು ಬಂದರಂತೆ. ಮಾವನ ಬೆನ್ನು ತಟ್ಟಿ ನೋಡಿದನಂತೆ ಅಂಗಡಿಯವನು. ಕಾಯಿಲ್ ಗಟ್ಟಿಯಾಗಿದೆಯಂತೆ. ಪೇಂಟ್ ಹೊಡೆಯೋದೊಂದು ಬಾಕಿಯಂತೆ. ನಿಮ್ಮನ್ನ ಯಾರಾದರೂ ಪೇಂಟ್ ಹೊಡೆದು ಮಾರೋಕಾಗುತ್ತಾ?"

ಮಾವ ಮಗನ ಕೈಲಿದ್ದ ಉದ್ದನೆ ಸ್ಪೀಕರ್ ನೋಡಿದರು. ಖಾಲಿ ಮೂಲೆ ನೋಡಿದರು. ಟ್ರಂಕು ಮೆಲ್ಲಗೆ ನೆಲಕ್ಕಿಳೀತು. ಹೊಟ್ಟೆ ಕುಣಿಯೋಕೆ ಶುರುವಾಯ್ತು, ಆಮೇಲೆ ಭುಜ, ಆಮೇಲೆ ನಗು ಹೊರಗೆ ಬಂತು. ನಮ್ಮನೆಯವರು ಪಿಳಿಪಿಳಿ ಕಣ್ಣು ಬಿಡ್ತಾ ನಿಂತಿದ್ದರು.

"ನಾನು ಹಾಗಾ ಗುರ್ ಅಂತೀನಿ?" ಅಂತ ಕೇಳಿದರು ಮಾವ.

"ಅದಕ್ಕಿಂತ ಜಾಸ್ತಿ. ಅದು ಸರ್ಕಾರಕ್ಕೆ ಬೈತಿರಲಿಲ್ಲ."

ಬೆತ್ತದ ಕುರ್ಚಿಯನ್ನ ನಾನೇ ಎತ್ತಿಕೊಂಡು ಹೋಗಿ ಅದರ ಜಾಗಕ್ಕೆ ಹಾಕಿದೆ. ಮಾವ ಬೂಟಿನ ಲೇಸು ಬಿಚ್ಚೋಕೆ ಬಗ್ಗಿದರು. ಆಗ ಕೇಳಿಯೇಬಿಟ್ಟೆ, "ಅಲ್ಲ ಮಾವ, ಸಿನಿಮಾದವರು ಅಷ್ಟು ಕೂಗಾಡಿದರೂ ಕೇಳಿಸಲ್ಲ. ಪಕ್ಕದಲ್ಲಿ ಕೂತ ನಿಮ್ಮ ಮಗನ ಮಾತು ಕೇಳಿಸಲ್ಲ. ನಾನು ಆವತ್ತು ಅಂದಿದ್ದು ಮಾತ್ರ ಪೂರ್ತಿ ಕೇಳಿಸಿತಾ?"

ಅವರು ತಲೆ ಎತ್ತದೆ ಹೇಳಿದರು, "ಈ ಮನೇಲಿ ನನಗೆ ಪೂರ್ತಿ ಕೇಳಿಸೋದು ನಿನ್ನ ಮಾತೊಂದೇ ಕಣಮ್ಮ. ಬೇರೆ ಎಲ್ಲಾ ಗುಜುಗುಜು. ಬೆಳಗ್ಗೆ ಎದ್ದು ನೀನು ಹಾಲಿನವನ ಜೊತೆ ಜಗಳ ಆಡೋದು ಕೇಳಿಸಿದರೆ, ಸದ್ಯ, ಇನ್ನೂ ಕಿವಿ ಇದೆ ಅಂತ ಅನ್ಕೋತೀನಿ. ಅದಕ್ಕೇ, ಆ ಮಾತು ನಿನ್ನ ಬಾಯಿಂದ ಬಂದಾಗ..." ಅಂತ ಲೇಸು ಎಳೆದರು. ಲೇಸು ಗಂಟಾಗಿತ್ತು. ನಾನು ಕೆಳಗೆ ಕೂತು ಬಿಚ್ಚಿದೆ. ಇಷ್ಟು ವರ್ಷ ನನ್ನ ಈ ಗಂಟಲಿಗೆ ಎಲ್ಲರ ಕೈಲೂ ಬೈಸಿಕೊಂಡಿದ್ದೆ, ಅದಕ್ಕೋಸ್ಕರ ಒಬ್ಬರು ದಿನಾ ಕಾಯ್ತಿದ್ದರು ಅಂತ ನನಗೇನು ಗೊತ್ತು.

ನಮ್ಮನೆಯವರು ಟಿವಿ ಕೆಳಗೆ ನಡು ಸ್ಪೀಕರ್ ಇಟ್ಟು, ವೈರು ಸಿಕ್ಕಿಸಿ, ನಮ್ಮ ಕಡೆ ಸ್ವಲ್ಪ ಬಾಗಿಸೋಕೆ ಅದರ ಅಡಿಯಲ್ಲಿ ನನ್ನ ದಾರದುಂಡೆ ಇಟ್ಟರು. ಸಿನಿಮಾ ಶುರುವಾಯ್ತು. ಬಾಂಬು ಬಿದ್ದರೆ ಈಗ ಮಡಕೆ ಒಡೆದ ಹಾಗೆ ಕೇಳುತ್ತೆ, ನಮ್ಮನೆಯವರು ಪ್ರತಿ ಬಾಂಬಿಗೂ ನಿಟ್ಟುಸಿರು ಬಿಟ್ಟರು. ಆದರೆ ಮಾತು ಸ್ಪಷ್ಟವಾಗಿ ಎದುರಿಗೆ ಬಂದು ನಿಂತ ಹಾಗಿತ್ತು. ನಾನು ಟಿವಿ ನೋಡಲಿಲ್ಲ, ಮಾವನ್ನೇ ನೋಡ್ತಿದ್ದೆ. ಹೀರೋನ ಗೆಳೆಯ ಏನೋ ಅಂದ. ಮಾವ ನಕ್ಕರು. ನಾವಿಬ್ಬರೂ ಇನ್ನೂ ನಕ್ಕಿರಲಿಲ್ಲ.

"ಇದಕ್ಕೂ ಹೆಸರಿಡಬೇಕಲ್ಲ" ಅಂದರು ನಮ್ಮನೆಯವರು. ಅದನ್ನೇ ನಾನು ಮಾವನಿಗೆ ಕೂಗಿ ಹೇಳಿದೆ.

"ಆಗಲೇ ಇಟ್ಟಾಯ್ತು, ಸೊಸೆ ಅಂತ" ಅಂದರು ಮಾವ. ಸ್ವಲ್ಪ ಹೊತ್ತು ಕಾಲು ಚಾಚಿಕೊಂಡು ನೋಡಿದರು. ಆಮೇಲೆ ಕುರ್ಚಿಯಿಂದಲೇ ಮಗನಿಗೆ ಕೈ ಸನ್ನೆ ಮಾಡಿ ಹೇಳಿದರು, "ಲೋ, ಸೊಸೆ ತುಂಬಾ ಕಿರುಚ್ತಿದಾಳೆ. ಸೌಂಡ್ ಒಂಚೂರು ಕಮ್ಮಿ ಮಾಡು."