ಸಂದಿಗೆ ಕೂತ ಕಲ್ಲು

ಅರಬ್ ನಾಡಿನ ಶರಫಿಯಾ ಪೇಟೆಯ ಹೊಲಿಗೆ ಅಂಗಡಿಯಲ್ಲಿ ಮಿಸ್ಬಾಹ್ ಅಂಗಿಯ ಬಟ್ಟೆ ಕತ್ತರಿಸುತ್ತಿದ್ದಾಗ ತಂದೆಯ ಜೊತೆಗಾರ ಅಬ್ದುಸ್ಸಲಾಮ್ ಅವರ ಫೋನ್ ಬಂತು. ದೂರದ ಗುಡ್ಡನಾಡಿನ ಅಭಾ ಪಟ್ಟಣದ ಬಳಿಯ ಹಳ್ಳಿಯಲ್ಲಿ ಹಳೆಯ ಕಲ್ಲಿನ ಕಣಜಗಳನ್ನು ದುರಸ್ತಿ ಮಾಡುತ್ತಿದ್ದ ಅವನ ತಂದೆ ಮೊಹಿದ್ದೀನ್, ಬೆಳಗಿನ ನಮಾಜು ಮುಗಿಸಿ ಚಾಪೆಯ ಮೇಲೆಯೇ ಒರಗಿ ತೀರಿಕೊಂಡಿದ್ದರು. ಕತ್ತರಿ ಬಟ್ಟೆಯ ನಡುವೆಯೇ ನಿಂತಿತು.

ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ನಂತರ ದಫನ. ಊರಿನಿಂದ ತಾಯಿ ಹಸೀನಾ ಫೋನಿನಲ್ಲಿ ಹೇಳಿದರು: "ಅಲ್ಲಿಯೇ ಮಲಗಲಿ ಮಗಾ. ಅವರಿಗೆ ಆ ಗುಡ್ಡ ಅಂದ್ರೆ ಭಾರೀ ಖುಷಿ. ಆದರೆ ಮುಖದ ಮೇಲೆ ಒಂದು ಚಿಟಿಕೆ ಮಣ್ಣು ಬೀಳಬಾರದು. ನೀನೇ ನೋಡ್ಕೋ."

"ಆಯ್ತು ಉಮ್ಮಾ."

ಮಿಸ್ಬಾಹ್ ರಾತ್ರಿಯ ಬಸ್ಸು ಹಿಡಿದು ಹಳ್ಳಿ ತಲುಪಿದ. ಕಬರಸ್ತಾನಕ್ಕೆ ಹೋಗುವ ಪಿಕಪ್ಪಿನಲ್ಲಿ, ಪಕ್ಕದಲ್ಲಿ ಕೂತ ಸಲಾಮ್ ಕಾಲಬುಡದಲ್ಲಿ ಚೂರುಕಲ್ಲಿನ ಚೀಲ ಇಟ್ಟುಕೊಂಡಿದ್ದರು.

"ಕಣಜದ್ದೇ. ಕಬರಿಗೆ ಬೇಕಾದೀತು," ಎಂದವರು ಸಣ್ಣಗೆ ನಕ್ಕರು. "ನಿನ್ನ ಬಾಪ ಬಂದ ವರ್ಷ ಎಂತ ಮಾಡಿದ್ದು ಗೊತ್ತುಂಟಾ? ಊರಿನ ಕೆಂಪುಕಲ್ಲಿನ ಗೋಡೆ ಅಂತ ಎಣಿಸಿ ಸಂದಿಗೆಲ್ಲ ಸಿಮೆಂಟ್ ಮೆತ್ತಿದ್ದು. ಮಳೆ ಬಂತು, ಒಳಗಿನ ನೀರಿಗೆ ದಾರಿ ಇಲ್ಲ. ಗೋಡೆ ಹೊಟ್ಟೆ ಬಿಟ್ಟಿತು, ಗಬ್ಬದ ಆಡಿನ ಹಾಗೆ!"

"ಯಜಮಾನ ಬೈಲಿಲ್ವಾ ಸಲಾಮಾಕ?"

"ಬೈದ. ಮತ್ತೆ ಅವನೇ ಕಲಿಸಿದ. ಆಮೇಲೆ ನಿನ್ನ ಬಾಪ ಸಿಮೆಂಟ್ ಮುಟ್ಟಿಲ್ಲ ಮಾರಾಯ. ಊಟ ಬಿಟ್ಟು ಸಂದಿಗೆ ಕೂರುವ ಚೂರು ಹೆಕ್ಕುವುದೇ."

*

ಕಳೆದ ಹಬ್ಬಕ್ಕೆ ಮಿಸ್ಬಾಹ್ ಈ ಹಳ್ಳಿಗೆ ಬಂದಿದ್ದಾಗ ಮೊಹಿದ್ದೀನ್ ಅವನನ್ನು ಕಣಜದ ಮುಂದೆ ನಿಲ್ಲಿಸಿದ್ದರು. ಕೆಳಗೆ ಗಾರೆಯಿಲ್ಲದ ಕಲ್ಲು, ಮೇಲೆ ಮಣ್ಣಿನ ಗೋಡೆ. ಮಳೆ ಮಣ್ಣನ್ನು ಕರಗಿಸದಂತೆ ಸಾಲುಸಾಲಾಗಿ ಹೊರಚಾಚಿದ ಚಪ್ಪಡಿಗಳು. ಮಿಸ್ಬಾಹ್ ಒಂದು ಸಂದಿಗೆ ಚೂರು ಇಟ್ಟು ಸುತ್ತಿಗೆಯಿಂದ ಹೊಡೆದ. ಅದು ಒಡೆಯಿತು.

"ಹೊಡೀಬೇಡ, ತಿರುಗಿಸು. ಅಂಗಿಗೆ ತೋಳು ಇಡುವಾಗ ನೀನು ಹೊಡೀತೀಯಾ?"

ತಿರುಗಿಸಿ ನೋಡುವ ತಾಳ್ಮೆ ಅವನಿಗಿರಲಿಲ್ಲ. ತಂದೆ ನಗುತ್ತ ಚಹಾ ಬಗ್ಗಿಸಿದರು.

*

ಕಬರಿನೊಳಗಿನ ಬದಿಯ ಗೂಡಿನಲ್ಲಿ ಮೊಹಿದ್ದೀನರನ್ನು ನಮಾಜಿನ ದಿಕ್ಕಾದ ಕಿಬ್ಲಾದ ಕಡೆಗೆ ಮುಖ ಮಾಡಿ ಮಲಗಿಸಿ, ಗೂಡಿನ ಬಾಯಿಗೆ ಚಪ್ಪಡಿಗಳನ್ನು ನಿಲ್ಲಿಸಿದರು. ಮುಖದ ನೇರಕ್ಕೆ ಒಂದು ಸಂದು ಉಳಿಯಿತು. ಮೇಲಿದ್ದವರು ಹಸಿಮಣ್ಣಿನ ಬುಟ್ಟಿ ಇಳಿಸಿದರು.

"ಸ್ವಲ್ಪ ನಿಲ್ಲಿ," ಎಂದ ಕೆಳಗಿದ್ದ ಮಿಸ್ಬಾಹ್. "ಸಲಾಮಾಕ, ಕಲ್ಲು ಕೊಡಿ."

ಮೊದಲನೆಯದು ಸಡಿಲ. ಇನ್ನೊಂದು ಒಳಗೇ ಹೋಗಲಿಲ್ಲ.

"ಯಲ್ಲಾ, ಯಲ್ಲಾ," ಮೇಲಿನಿಂದ ಯಾರೋ ಅವಸರಿಸಿದರು.

ಮಿಸ್ಬಾಹ್ ಅದೇ ಚೂರನ್ನು ತಿರುಗಿಸಿದ. ಮತ್ತೆ ತಿರುಗಿಸಿದ. ಕಲ್ಲು ಸದ್ದಿಲ್ಲದೆ ಕೂತಿತು. ಒಳಗಿನ ಬಿಳಿ ಬಟ್ಟೆ ಮರೆಯಾಯಿತು. ಅಂಗೈಯಿಂದ ಒತ್ತಿ ನೋಡಿದ, ಅಲುಗಲಿಲ್ಲ.

"ಇದನ್ನು ನಿನ್ನ ಬಾಪನೂ ಕಿತ್ತು ಬೇರೆ ಇಡ್ತಿರಲಿಲ್ಲ," ಎಂದು ಜೊತೆಗೆ ಕೆಳಗಿಳಿದಿದ್ದ ಸಲಾಮ್ ಬುಟ್ಟಿಯನ್ನು ಅವನತ್ತ ಸರಿಸಿದರು.

ಮಿಸ್ಬಾಹ್ ಆ ಕಲ್ಲಿನ ಸುತ್ತ ಬೆರಳಿನಿಂದ ಮಣ್ಣು ಮೆತ್ತಿದ. ಮೇಲೆ ಹತ್ತಿ ಬಂದು, ಕೆಸರಿನ ಕೈಗಳನ್ನೇ ಎತ್ತಿದ.

"ಯಾ ಅಲ್ಲಾಹ್, ನನ್ನ ಬಾಪನ ಕಬರನ್ನು ವಿಶಾಲಗೊಳಿಸು, ಅದರಲ್ಲಿ ಬೆಳಕು ತುಂಬು. ದುಡಿದು ದಣಿದ ಈ ನಿನ್ನ ದಾಸನಿಗೆ ಶಾಂತಿ ಕೊಡು. ಆಮೀನ್."