ಮೇಜಿನ ಕಾಲಿನ ಡೋಡೊ

"ನೀನು ಹೈಸ್ಕೂಲಿಗೆ ಹೋಗೋ ದಿನ ಈ ಪೆಟ್ಟಿಗೇಲಿ ಹಕ್ಕಿ ನಿಂತಿರತ್ತೆ, ನೋಡ್ತಿರು" ಎಂದು ಬಡಗಿ ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಐದು ವರ್ಷ. ವಸ್ತುಸಂಗ್ರಹಾಲಯದ ಆ ಗಾಜಿನ ಪೆಟ್ಟಿಗೆಯಲ್ಲಿ ಇದ್ದದ್ದು, ಮುನ್ನೂರು ವರ್ಷಗಳ ಹಿಂದೆಯೇ ಅಳಿದುಹೋದ ಡೋಡೊ ಹಕ್ಕಿಯ ಚಿತ್ರ ಮಾತ್ರ. ನಿಜವಾದ ಹಕ್ಕಿ ಎಲ್ಲಿ ಎಂದು ಅವಳು ಹಟ ಹಿಡಿದು ಅತ್ತಿದ್ದಳು.

ಅಲ್ಲಿ ಕುರ್ಚಿ, ಬಾಗಿಲು ರಿಪೇರಿ ಮಾಡಿಕೊಂಡಿದ್ದ ಅವನು ಮೇಲಧಿಕಾರಿಗಳ ಬೆನ್ನು ಬಿದ್ದು ಏಳು ವರ್ಷವಾದ ಮೇಲೆ, ಮರದ ಡೋಡೊ ಮಾಡಲು ಒಪ್ಪಿಗೆ ಸಿಕ್ಕಿತ್ತು. ನಾಳೆ ಹೈಸ್ಕೂಲು ಶುರು. ಹಕ್ಕಿಯೋ, ನಿಲ್ಲಿಸಿದಾಗಲೆಲ್ಲ ಮುಗ್ಗರಿಸಿ ನೆಲಕ್ಕೆ ಮೂತಿ ಊರುತ್ತಿತ್ತು.

"ಏನ್ ಮೇಸ್ತ್ರಿ, ನಿಮ್ಮ ಹಕ್ಕಿ ಇವತ್ತೂ ಕುಡಿದು ಬಂದಿದೆಯಾ?" ಸಂಗ್ರಹಾಲಯದ ಕಾವಲುಗಾರ ಕೆಲಸದ ಕೋಣೆಯ ಬಾಗಿಲಲ್ಲಿ ಇಣುಕಿದ.

"ಹೊಟ್ಟೆ ಭಾರ ಕಣಯ್ಯ, ನಿನ್ನ ಹಾಗೇ."

ಮಗಳು ಕಿಟಕಿಯ ಬಳಿ ಕೂತು ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಹೊರಗೆ, ಕಟ್ಟಡದ ಹಿಂದಿನ ಮೋರಿಗೆ ದಿನಾ ಬರುವ ಬೆಳ್ಳಕ್ಕಿ ಕೆಸರಿಗೆ ಕೊಕ್ಕು ಹಾಕಿ ಕೆದಕುತ್ತಿತ್ತು. ಅವಳು ಅದನ್ನು ನೋಡಿದಳು, ಡೋಡೊವನ್ನು ನೋಡಿದಳು, ಮತ್ತೆ ಅದನ್ನೇ ನೋಡಿದಳು.

"ಅಪ್ಪಾ, ಇಲ್ಲಿ ಬಾ. ಅದು ಅಷ್ಟು ಬಗ್ಗಿದ್ರೂ ಬೀಳಲ್ಲ."

"ಅದು ಕಡ್ಡಿ, ನಮ್ಮದು ಕುಂಬಳಕಾಯಿ. ಎಲ್ಲಿಂದೆಲ್ಲಿಗೆ ಹೋಲಿಕೆ?"

"ಕಾಲು ಎಲ್ಲಿದೆ ನೋಡು, ಹೊಟ್ಟೆ ನಡುವಿಗೆ. ನಿನ್ನದು ಬಾಲದ ಹತ್ತಿರ. ಮೇಜಿಗೆ ಹೊಡೆದ ಹಾಗೆ ತುದಿಗೆ ಹೊಡೆದಿದ್ದೀಯ."

ಬಡಗಿ ಕಿವಿಯಿಂದ ಪೆನ್ಸಿಲು ತೆಗೆದ, ಏನೂ ಗೀಚದೆ ಮರಳಿ ಸಿಕ್ಕಿಸಿದ. ಮೂವತ್ತು ವರ್ಷ ಮೇಜು ಮಾಡಿದ ಕೈ. ಕಾಲು ಎಂದರೆ ತಾನಾಗಿ ತುದಿಗೇ ಹೋಗಿತ್ತು.

"ಕಿತ್ತು ಕೂರಿಸಿದ್ರೆ ಅಂಟು ಒಣಗೋಕೆ ನಾಳೆ ಸಂಜೆ ಆಗತ್ತೆ, ಪುಟ್ಟಿ. ಎದೆಗೆ ಒಂದು ಕೋಲು ಊರಿ, ಮುಂದೆ ಹುಲ್ಲು ಇಟ್ಟುಬಿಟ್ರೆ ಬೆಳಿಗ್ಗೆಗೇ ನಿಂತಿರತ್ತೆ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗತ್ತಲ್ಲ."

"ಮಾತು ಕೊಟ್ಟಿದ್ದೀನಲ್ಲೇ."

"ಕೋಲು ಕೊಟ್ಟು ನಿಲ್ಲಿಸ್ತೀನಿ ಅಂದಿರಲಿಲ್ಲ ನೀನು."

ಬಡಗಿಗೆ ನಗು ತಡೆಯಲಾಗಲಿಲ್ಲ. ಗರಗಸ ಎತ್ತಿಕೊಂಡ. "ಹಾಗಾದ್ರೆ ಬಾ, ಇದರ ಸೊಂಟ ಹಿಡ್ಕೋ. ಅದಕ್ಕೆ ಸೊಂಟ ಅಂತ ಒಂದಿದ್ರೆ."

ಅವಳು ಡೋಡೊವನ್ನು ಎರಡೂ ತೋಳಲ್ಲಿ ಅಪ್ಪಿ ಹಿಡಿದಳು. ಗರಗಸ ಆಡಿದಂತೆಲ್ಲ ಇಬ್ಬರ ತಲೆಗೂ ಹುಡಿ ಹಾರಿತು.

ಮರುದಿನ ಬೆಳಿಗ್ಗೆ ಅವಳು ಹೈಸ್ಕೂಲಿಗೆ ಹೋದಾಗ ಡೋಡೊ ಎರಡೂ ಕಾಲು ಮೇಲೆತ್ತಿಕೊಂಡು ಬೆಂಚಿನ ಮೇಲೆ ಮಲಗಿತ್ತು. ಬಡಗಿ ಕೊಟ್ಟ ಮಾತಿಗೆ ತಪ್ಪಿದ.