ಯಾರೂ ಇಲ್ಲದವಳ ತಾತ

ಬೆಳಿಗ್ಗೆ ಒಂಬತ್ತಕ್ಕೆಲ್ಲ ಇಪ್ಪತ್ತೆರಡು ಮಕ್ಕಳ ತಲೆ ಬಾಚಿ ಮುಗಿದಿತ್ತು. ಹೆಣ್ಣುಮಕ್ಕಳಿಗೆ ಎರಡು ಜಡೆ, ಗಂಡುಮಕ್ಕಳಿಗೆ ಎಣ್ಣೆ ನೀರು ಬೆರೆಸಿ ಒತ್ತಿ ಬಾಚಿದ ಕ್ರಾಪು. ಹೊಳಲ್ಕೆರೆಯಿಂದ ಹೊರಕೆರೆದೇವಪುರದ ಕಡೆಗೆ ಹೋಗುವ ರಸ್ತೆಯ ಪಕ್ಕದ ಆ ಮಕ್ಕಳ ಮನೆಯಲ್ಲಿ ದಾನಿಗಳು ಬರುವ ದಿನ ಹೀಗೆಯೇ. ಮನೆ ನಡೆಸುವ ಯಶೋದಾ ಒಬ್ಬೊಬ್ಬರನ್ನೇ ಎದುರು ನಿಲ್ಲಿಸಿಕೊಂಡು ಕೇಳುತ್ತಿದ್ದಳು: ಹೆಸರೇನು, ಎಷ್ಟನೇ ಕ್ಲಾಸು, ಮನೆಯಲ್ಲಿ ಯಾರಿದ್ದಾರೆ. ಮೂರನೆಯ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ.

"ಯಾರೂ ಇಲ್ಲ. ಇದೇ ನಮ್ಮನೆ."

ಅದು ಎಲ್ಲರ ಪಾಲಿಗೂ ನಿಜವಾಗಿರಲಿಲ್ಲ. ಒಬ್ಬಳಿಗೆ ಕಣ್ಣು ಕಾಣದ ಅಜ್ಜಿ, ಇನ್ನೊಬ್ಬನಿಗೆ ಜೈಲಿನಲ್ಲಿರುವ ಚಿಕ್ಕಪ್ಪ. ಸರ್ಕಾರದ ಕಾಗದದಲ್ಲಿ ಅವರ ಹೆಸರೆಲ್ಲ ಇದ್ದವು. ಆದರೆ ಎರಡು ವರ್ಷದ ಹಿಂದೆ ಒಬ್ಬ ದಾನಿ, ಅಜ್ಜಿ ಇದ್ದ ಮೇಲೆ ಅನಾಥ ಹೇಗಾಗುತ್ತಾಳೆಂದು ಕೇಳಿ, ಇಳಿಸುತ್ತಿದ್ದ ದಿನಸಿಯನ್ನು ಮತ್ತೆ ಗಾಡಿಗೆ ಹೇರಿಸಿಕೊಂಡು ಹೋಗಿದ್ದ. ಆ ತಿಂಗಳೆಲ್ಲ ಮಕ್ಕಳು ಎರಡು ಹೊತ್ತೂ ಗಂಜಿ ಕುಡಿದಿದ್ದವು. ಅಂದಿನಿಂದ ಯಶೋದಾ ಈ ಪಾಠ ಶುರುಮಾಡಿದ್ದಳು.

ಆ ದಿನ ಬರುವವನು ಅಬ್ದುಲ್ ರಶೀದ್. ಚಿತ್ರದುರ್ಗದಲ್ಲಿ ಬಾಗಿಲು ಕಿಟಕಿ ಮಾಡುವ ಮರಗೆಲಸದ ಅಂಗಡಿಯವನು. ತಾಯಿ ಪ್ಯಾರಿ ಬೀ ತೀರಿಕೊಂಡ ದಿನದಂದು ಬಂದು ಮಕ್ಕಳಿಗೆ ಊಟ ಹಾಕಿ, ವರ್ಷಕ್ಕಾಗುವಷ್ಟು ಅಕ್ಕಿ ಇಳಿಸಿ ಹೋಗುವುದಾಗಿ ಈ ಸಲ ಮೊದಲ ಬಾರಿ ಒಪ್ಪಿಕೊಂಡಿದ್ದ.

ಅವನಿಗಿಂತ ಮುಂಚೆ ಗೇಟಿನಲ್ಲಿ ಮುದ್ದಪ್ಪ ಕಾಣಿಸಿಕೊಂಡ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಟ್ಟೆಯ ಗಂಟು. ನಾಲ್ಕನೇ ಕ್ಲಾಸಿನ ಕಾವ್ಯಳ ತಾತ. ಅವಳ ಅಪ್ಪ ಜುಂಜೇಶ್ ಕುರಿಗಳ ನಡುವೆ ನಿಂತಿದ್ದಾಗಲೇ ಸಿಡಿಲು ಬಡಿದು ಸತ್ತಿದ್ದ. ತಾಯಿ ಅದೇ ವರ್ಷ ಕಾಮಾಲೆಯಲ್ಲಿ ಹೋಗಿದ್ದಳು. ಮತ್ತೋಡಿನ ಕಡೆಯ ಹಟ್ಟಿಯ ಮುದ್ದಪ್ಪ ವರ್ಷದಲ್ಲಿ ಎಂಟು ತಿಂಗಳು ಮಂದೆಯ ಹಿಂದೆ ಊರೂರು ತಿರುಗುವವನು. ಕುರಿ ಹಿಂದೆ ಇಸ್ಕೂಲು ಬರಲ್ಲ ತಾಯಿ ಎಂದು ಅವನೇ ಮಗುವನ್ನು ತಂದು ಇಲ್ಲಿ ಬಿಟ್ಟಿದ್ದ. ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಆಗ ವರ್ಷಕ್ಕೊಮ್ಮೆ ಈ ಕಡೆ ಬರುತ್ತಿದ್ದ. ಬೇವಿನ ನೆರಳಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ತಮ್ಮ ದೇವರ ಪದಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಪ್ರತಿ ಸಾಲಿನ ಕೊನೆಗೆ ಮಗು ದನಿಗೂಡಿಸಿ ಸೊಲ್ಲು ಹೇಳುತ್ತಿತ್ತು. ಈ ವರ್ಷ ಸುಗ್ಗಿ ಬೇಗ ಮುಗಿದಿತ್ತು.

ಯಶೋದಾ ಓಡಿಹೋಗಿ ಅವನನ್ನು ಗೇಟಿನಲ್ಲೇ ತಡೆದಳು.

"ಇವತ್ತು ಅಕ್ಕಿ ಕೊಡೋರು ಬರ್ತಾರೆ ಮುದ್ದಪ್ಪ. ಮಗೀಗೆ ತಾತ ಇರೋದು ಗೊತ್ತಾದ್ರೆ ಅಕ್ಕಿ ನಿಂತ್ರೂ ನಿಂತೀತು. ಅವರು ಹೋಗೋ ತನಕ ಅಡುಗೆಮನೆ ತಾವ ಕುಂತ್ಕಳ್ರಿ. ಯಾರಾದ್ರೂ ಕೇಳಿದ್ರೆ ಸೌದೆ ಹಾಕಕ್ಕೆ ಬಂದೋನು ಅನ್ರಿ."

ಮುದ್ದಪ್ಪ ನಕ್ಕ. "ಅದಕ್ಕೇನು ತಾಯಿ. ನನ್ನ ನೋಡಿದ್ರೆ ಹಂಗೇ ಅನ್ಕಂತಾರೆ. ಸುಳ್ಳು ಹೇಳೋ ಕಷ್ಟಾನೂ ಇಲ್ಲ."

ರಶೀದ್ ಬಂದ. ಹಾಕಿದ್ದ ಕುರ್ಚಿಯನ್ನು ಬಿಟ್ಟು ಮಕ್ಕಳ ಎದುರು ಚಾಪೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಮಾತಾಡಿಸಿದ. ಕಾವ್ಯಳ ಸರದಿ ಬಂದಾಗ ಅವಳ ಕಣ್ಣು ಅಡುಗೆಮನೆಯ ಬಾಗಿಲಲ್ಲಿತ್ತು. ಅಲ್ಲಿ ಕಂಬಳಿಯ ಅಂಚು ಕಾಣುತ್ತಿತ್ತು. ಮಗು ಯಶೋದಾಳ ಮುಖ ನೋಡಿತು. ಯಶೋದಾ ಹೇಳು ಎಂಬಂತೆ ಕಣ್ಣು ಮಿಟುಕಿಸಿದಳು.

"ಯಾರೂ ಇಲ್ಲ. ಇದೇ ನಮ್ಮನೆ."

"ತಾತ, ಅಜ್ಜಿ?" ರಶೀದ್ ಮೆಲ್ಲಗೆ ಕೇಳಿದ.

"ಯಾರೂ ಇಲ್ಲ."

ದನಿ ಮಗ್ಗಿ ಒಪ್ಪಿಸಿದಷ್ಟು ಸ್ಪಷ್ಟವಾಗಿತ್ತು.

ಊಟಕ್ಕೆ ಕುಷ್ಕ, ದಾಲ್ಚಾ, ಶಾವಿಗೆ ಪಾಯಸ. ರಶೀದನೇ ನಿಂತು ಬಡಿಸಿದ. ಬಾಗಿಲ ಬಳಿಯ ಮುದುಕನನ್ನು ಕಂಡು ಅವನಿಗೂ ತಟ್ಟೆ ಇಟ್ಟು, ಯಾವೂರು, ಎಷ್ಟು ಕುರಿ ಎಂದೆಲ್ಲ ವಿಚಾರಿಸಿದ. ಕಂಬಳಿ ಕಂಡೇ ಕುರಿಯವನೆಂದು ತಿಳಿದವನಿಗೆ ಸೌದೆಯ ಕತೆ ಹೇಳುವ ಅಗತ್ಯವೇ ಬೀಳಲಿಲ್ಲ. ಕೊನೆಗೆ ಎಲ್ಲರೂ ಕೇಳುವ ಆ ಮಾತನ್ನೂ ಕೇಳಿದ: ಮನೆಯಲ್ಲಿ ಯಾರ್ಯಾರಿದ್ದಾರೆ.

ಮುದ್ದಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಯಾರೂ ಇಲ್ಲ ಸಾಮಿ" ಎಂದ.

ಪಂಕ್ತಿಯ ತುದಿಯಲ್ಲಿ ಕೂತಿದ್ದ ಕಾವ್ಯಳ ತುತ್ತು ಕೈಯಲ್ಲೇ ನಿಂತಿತು.

ಅಕ್ಕಿಯ ಚೀಲಗಳು ಇಳಿದು ಗಾಡಿ ಹೊರಟ ಮೇಲೆ ನೋಡಿದರೆ ಮುದ್ದಪ್ಪ ಅಲ್ಲಿರಲಿಲ್ಲ. ಅವನ ತಟ್ಟೆ ತೊಳೆದು ಗೋಡೆಗೆ ಒರಗಿಸಿಟ್ಟಿತ್ತು. ಪಕ್ಕದಲ್ಲಿ ಹುರಿದ ಕಡಲೆಕಾಯಿಯ ಗಂಟು.

"ನಾನು ಸರಿಯಾಗಿ ಹೇಳಿದ್ನಾ ಯಶೋದಕ್ಕ?" ಕಾವ್ಯ ಕೇಳಿದಳು.

ಯಶೋದಾ ಆ ಗಂಟನ್ನು ಎತ್ತಿ ಅವಳ ಕೈಗಿಟ್ಟಳು.

ಮರುದಿನ ಮಗುವನ್ನು ಕರೆದುಕೊಂಡು ಮಂದೆ ಬಿಟ್ಟಿದ್ದ ಹೊಲಕ್ಕೆ ಹೋದಳು. ನೆಲದ ತುಂಬ ಹಿಕ್ಕೆ ಬಿದ್ದಿತ್ತು, ಕುರಿಗಳಿರಲಿಲ್ಲ. ಹೊಲದ ಒಡೆಯ ದುರುಗಣ್ಣ ಬೇಸರದಲ್ಲಿದ್ದ.

"ನಾಕು ದಿನ ಅಂತ ಮಾತಾಗಿತ್ತಮ್ಮ. ಬೆಳಗಾಗ್ತಲೇ ಹೊಡ್ಕಂಡು ಹೋದ. ಯಾಕಪ್ಪ ಅಂದ್ರೆ, ನಾನು ಈ ಕಡೆ ಸುಳಿದ್ರೆ ಒಂದು ಮಗೀನ ಅನ್ನಕ್ಕೆ ಸಂಚಕಾರ ಅಂದ. ಇನ್ನು ಈ ದಿಕ್ಕಿಗೆ ಬರಲ್ಲವಂತೆ."

ಕಾವ್ಯ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. ಹಿಂತಿರುಗುವಾಗ ರಸ್ತೆ ದಾಟಲು ಯಶೋದಾ ಕೈ ನೀಡಿದರೆ, ಮಗು ತನ್ನ ಕೈಯನ್ನು ಲಂಗದ ಮಡಿಕೆಯೊಳಗೆ ಮುದುರಿಕೊಂಡಿತು.

ಅದಾದ ಎರಡನೇ ದಿನ ಯಶೋದಾ ಚಿತ್ರದುರ್ಗದ ಬಸ್ಸು ಹತ್ತಿದಳು. ಬಂದಿರುವ ಅಕ್ಕಿ ವಾಪಸು ಹೋದರೂ ಹೋಗಲಿ ಎಂದು ಗಟ್ಟಿಮಾಡಿಕೊಂಡೇ ರಶೀದನ ಅಂಗಡಿಯ ಮೆಟ್ಟಿಲು ಹತ್ತಿ, ನಡೆದದ್ದನ್ನೆಲ್ಲ ಹೇಳಿದಳು. ರಶೀದ್ ಉಳಿ ಕೆಳಗಿಟ್ಟ.

"ಅಪ್ಪ ಇಲ್ಲದ ಮಗು ಅಂದ್ರೆ ಸಾಕಮ್ಮ ನಮಗೆ" ಎಂದ. "ತಾಯಿ ಇರ್ಲಿ, ತಾತ ಇರ್ಲಿ, ಅದರ ತಲೆ ಸವರಬೇಕು ಅಂತ ಐತೆ. ನಮ್ಮ ಪೈಗಂಬರರೂ ಹುಟ್ಟೋ ಮುಂಚೇನೇ ತಂದೆ ಕಳಕೊಂಡೋರು. ಅವರನ್ನ ತಾತನೇ ಸಾಕಿದ್ದು. ನೀವು ಒಂದು ಮಾತು ಕೇಳಬಹುದಿತ್ತು."

"ಕೇಳೋ ಧೈರ್ಯ ಇರ್ಲಿಲ್ಲ ಸಾಹೇಬ್ರೆ. ಹಿಂದೆ ಒಬ್ಬರು ಹಂಗೆ ಮಾಡಿ ಹೋಗಿದ್ರು. ನಿಮ್ಮನ್ನೂ ಅವರ ಜೊತೇಲೇ ಸೇರಿಸಿಬಿಟ್ಟೆ."

"ನಿಮ್ಮದೊಂದೇ ತಪ್ಪಲ್ಲ ಬಿಡ್ರಿ. ಊಟ ಹಾಕಕ್ಕೆ ಬಂದೋನು ಮಗೂನ 'ಮನೇಲಿ ಯಾರವ್ರೆ' ಅಂತ ನಾನಾದ್ರೂ ಯಾಕೆ ಕೇಳ್ಬೇಕಿತ್ತು."

ಮುದ್ದಪ್ಪನ ಬಳಿ ಫೋನಿರಲಿಲ್ಲ. ಕುರಿಯವರನ್ನು ಕೇಳಿ ಕೇಳಿ, ಮಂದೆ ಹಿರಿಯೂರು ದಾಟಿ ಧರ್ಮಪುರದ ಕಡೆ ಹೋಗಿದೆಯೆಂದು ತಿಳಿಯಲು ಹತ್ತು ದಿನ ಹಿಡಿಯಿತು. ರಶೀದ್ ತನ್ನ ಗಾಡಿಯಲ್ಲೇ ಯಶೋದಾಳನ್ನೂ ಕಾವ್ಯಳನ್ನೂ ಕರೆದೊಯ್ದ.

ಕಡಲೆಕಾಯಿ ಕಿತ್ತ ಬಯಲಿನಲ್ಲಿ ಮಂದೆ ಮೇಯುತ್ತಿತ್ತು. ಗಾಡಿ ನಿಂತದ್ದನ್ನು, ಅದರಿಂದ ರಶೀದ್ ಇಳಿದದ್ದನ್ನು, ಹಿಂದೆಯೇ ಮಗು ಇಳಿದದ್ದನ್ನು ಮುದ್ದಪ್ಪ ದೂರದಿಂದಲೇ ನೋಡಿದ. ಕೋಲು ಬಿಸಾಡಿ ಎಡವುತ್ತ ಓಡಿಬಂದವನು ಮಗುವಿನತ್ತ ತಿರುಗಲಿಲ್ಲ. ನೇರವಾಗಿ ರಶೀದನ ಮುಂದೆ ಕೈಮುಗಿದು ನಿಂತ.

"ಯಾರೋ ನಿಮಗೆ ಇಲ್ಲದ್ದು ಹೇಳವ್ರೆ ಸಾಮಿ. ಈ ಮಗು ಯಾರೋ ನಂಗೆ ಗೊತ್ತಿಲ್ಲ. ನಾನು ಕಂಡೇ ಇಲ್ಲ. ಅದರ ಅನ್ನ ತಪ್ಪಿಸಬ್ಯಾಡ್ರಿ."

ರಶೀದ್ ಆ ಮುಗಿದ ಕೈಗಳನ್ನು ಹಿಡಿದುಕೊಂಡ. ಕಾವ್ಯ ಬಂದು ಅವರಿಬ್ಬರ ನಡುವೆ ನಿಂತಳು. ತಾತನ ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, "ಇವರು ನಮ್ಮ ತಾತ" ಎಂದಳು.

ಮುದ್ದಪ್ಪ ಹೌದೆನ್ನಲಿಲ್ಲ. ಅವನ ಕೈ ಮೊಮ್ಮಗಳ ತಲೆಯ ತನಕ ಬಂದು ಅಲ್ಲೇ ನಿಂತಿತು. ಹೌದು ಅನ್ನಬಹುದೇ ಎಂದು ಅಪ್ಪಣೆ ಕೇಳುವವನಂತೆ, ಅವನು ಯಶೋದಾಳ ಮುಖ ನೋಡಿದ.